ಗಂಟಿಲ್ಲದ ಹೊಲಿಗೆ

ಬಂದರು, ೯ ಜನವರಿ ೧೯೧೧

ತಮ್ಮಾ,

ಗುಡ್ಡದ ಚಳಿಗೆ ಮೂಗು ಉದುರಿ ಬೀಳುವುದೊಂದು ಬಾಕಿ ಎಂದು ಬರೆದಿದ್ದೀಯ. ಬಿದ್ದರೆ ಎತ್ತಿಟ್ಟುಕೋ ಮಾರಾಯ, ಹೇಗೂ ಆಸ್ಪತ್ರೆಯಲ್ಲೇ ಇದ್ದೀಯ, ಹೊಲಿಸಿಕೊಳ್ಳಬಹುದು. ಈ ಬೀದಿಯವರಿಗೆ ನೀನು ಈಗಲೂ ‘ಡಾಕ್ಟ್ರೇ’. ಅವನು ಬರೀ ಕಂಪೌಂಡರ್ ಎಂದು ತಿದ್ದುವ ಉಸಾಬರಿಗೆ ನಾನು ಹೋಗಿಲ್ಲ. ಅಪ್ಪ ಇದ್ದಿದ್ದರೆ ಅವರೂ ಹೋಗುತ್ತಿರಲಿಲ್ಲ.

ಇಲ್ಲಿಯ ದೊಡ್ಡ ಸುದ್ದಿ ಕೇಳು. ನಮ್ಮ ಅಟ್ಟದಲ್ಲಿ ಮತ್ತೆ ದಬ್ಬಣ ಓಡಾಡುತ್ತಿದೆ! ಹೊಗೆಹಡಗು ಬಂದಮೇಲೆ ಹಾಯಿ ಯಾರಿಗೆ ಬೇಕು? ಹೋದ ವರ್ಷವಿಡೀ ಮೀನುಗಾರರ ಹರಕು ಹಾಯಿಗೆ ತೇಪೆ ಹಾಕಿದ್ದೇ ಹಾಕಿದ್ದು. ಕೆಲಸವಿಲ್ಲದ ಕೈ ಎಷ್ಟು ಕೆಟ್ಟದ್ದೆಂದು ನಿನಗೆ ಹೇಗೆ ಹೇಳಲಿ. ಹಾಸಿಗೆ ಮಡಿಸುವಾಗಲೂ ಹೆಬ್ಬೆರಳು ತಾನಾಗಿ ಅಂಚು ಹುಡುಕುತ್ತಿತ್ತು. ಈಗ ಎಣ್ಣೆ ಸಾಹುಕಾರ ಬಂದು ಹಾಯಿಬಟ್ಟೆಯ ಉದ್ದುದ್ದ ಚೀಲಗಳು ಬೇಕೆಂದ. ಒಳನಾಡಿನ ಯಾವುದೋ ಗಿರಣಿಯ ಕೊಳವೆಗಳಿಗಂತೆ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದು, ನೀರಿನಲ್ಲಿ ಮುಳುಗಿಸಿಟ್ಟರೂ ಒಳಗೆ ತೇವ ಹೋಗಬಾರದು, ಅಷ್ಟೇ.

ಗೊಣಗಣ್ಣ ಒಪ್ಪಲಿಲ್ಲ. ಅವನಿಗೆ ಆ ಹೆಸರಿಟ್ಟವನು ನೀನೇ, ಈಗ ಊರಿಗೂರೇ ಹಾಗೆ ಕರೆಯುತ್ತದೆ. “ಅಪ್ಪೋರ ಹತ್ರ ಹಾಯಿ ಕಲಿತೋನು ನಾನು. ಚೀಲ ಹೊಲಿಯೋಕೆ ನಾನೇನು ಗೋಣಿ ಅಂಗಡಿಯವನಾ?” ಎಂದು ಸಾಹುಕಾರನ ಮುಖಕ್ಕೇ ಗೊಣಗಿದ. ನಾನು ಅಟ್ಟದ ಮೇಲಿಂದ ಕೆಮ್ಮಿದೆ. ಅವನು ಮತ್ತೆ ಗೊಣಗಿದ. ನಾನು ಮತ್ತೆ ಕೆಮ್ಮಿದೆ. ಕೊನೆಗೆ, “ಆಯ್ತು, ನೋಡೋಣ” ಎಂದ. ಸಾಹುಕಾರ ಹೋದಮೇಲೆ ಏಣಿ ಹತ್ತಿ ಬಂದು, “ಕೆಮ್ಮಿಗೆ ಕಷಾಯ ಕುಡಿ ತಂಗೀ, ಚೀಲ ನೀನೇ ಹೊಲಿ, ನಾನು ಮುಟ್ಟಲ್ಲ” ಎಂದು ಸಿಡುಕಿ ಇಳಿದುಹೋದ.

ಹಾಗಾಗಿ ನಾನೊಬ್ಬಳೇ ಹೊಲಿಯುತ್ತಿದ್ದೇನೆ. ಹೊರಗಿನವರ ಲೆಕ್ಕದಲ್ಲಿ ಹೊಲಿಯುವವನು ಅವನೇ ಬಿಡು. ಅಪ್ಪನ ಕೈ ನಡುಗಲು ಶುರುವಾದಾಗಿನಿಂದ ನಾನು ಮೇಲೆ ಹೊಲಿಯುವುದು, ಕೆಳಗೆ ಅವನು ಒಪ್ಪಿಸುವುದು ನಡೆದೇ ಇದೆ. ಇದು ಅವನಿಗೆ, ನಿನಗೆ, ನನಗೆ ಬಿಟ್ಟರೆ ಅವನ ಹೆಂಡತಿಗೂ ಗೊತ್ತಿಲ್ಲ. ಹೆಂಗಸು ಹೊಲಿದ ಹಾಯಿ ಎಂದರೆ ಯಾವ ನಾವಿಕ ದೋಣಿ ಹತ್ತುತ್ತಾನೆ, ಹೇಳು.

ಅಂಗಿಯ ಗುಂಡಿ ಕಿತ್ತುಹೋದರೆ ಹಾಕಿಕೋ. ಕಂಪೌಂಡರ್ ಆದರೂ ಹಾಯಿಯವರ ಮನೆಯವನು ನೀನು.

ಅಕ್ಕ


ಗುಡ್ಡದ ಆಸ್ಪತ್ರೆ, ೧೪ ಫೆಬ್ರವರಿ ೧೯೧೧

ಅಕ್ಕಾ,

ಮೂಗು ಇದೆ. ಗುಂಡಿಯೂ ಇದೆ. ನಿನ್ನ ಅಟ್ಟಕ್ಕೆ ಕೆಲಸ ಬಂದದ್ದು ಓದಿ ಒಬ್ಬನೇ ನಕ್ಕೆ. ಏನಾಯಿತೆಂದು ಡಾಕ್ಟರ್ ಸಾಹೇಬರು ಕೇಳಿದರು. ನಮ್ಮಕ್ಕನಿಗೆ ಕೆಮ್ಮಂತೆ ಎಂದೆ. ಅದಕ್ಕೆ ನಗುತ್ತಾರಾ ಎಂದು ನನ್ನನ್ನು ವಿಚಿತ್ರವಾಗಿ ನೋಡಿದರು.

ಇಲ್ಲಿ ಮೇಲಿನ ಹಳ್ಳಿಗೂ ಕೆಳಗಿನ ಹಳ್ಳಿಗೂ ಹುಲ್ಲುಗಾವಲಿನ ಜಗಳ. ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಪ್ರತಿ ವರ್ಷ ದೊಣ್ಣೆ ಹಿಡಿದು ಬಡಿದಾಡುತ್ತಾರೆ, ತಲೆ ಒಡೆದುಕೊಂಡು ಎರಡೂ ಕಡೆಯವರು ಒಂದೇ ಗಾಡಿಯಲ್ಲಿ ಬರುತ್ತಾರೆ. ನಾನು ಬ್ಯಾಂಡೇಜು ಸುತ್ತುತ್ತೇನೆ, ಅವರು ಪಕ್ಕಪಕ್ಕದ ಮಂಚದಲ್ಲಿ ಮಲಗಿ ಬೀಡಿ ಹಂಚಿಕೊಳ್ಳುತ್ತಾರೆ. ಈ ಸಲ ಹಾಗಿಲ್ಲ. ಈ ತಿಂಗಳು ಬಂದವರಿಗೆ ಗುಂಡು ಬಿದ್ದಿತ್ತು. ಒಬ್ಬನನ್ನು ಉಳಿಸಿಕೊಳ್ಳಲಾಗಲಿಲ್ಲ. ಡಾಕ್ಟರ್ ಸಾಹೇಬರು ಒಂದು ಗುಂಡನ್ನು ಹೊರತೆಗೆದು ತೊಳೆದು ನನ್ನ ಅಂಗೈ ಮೇಲಿಟ್ಟರು. “ನೋಡಯ್ಯಾ, ದೊರೆಗಳ ಸೈನ್ಯ ಹೊಸ ಕೋವಿ ಬಂತು ಅಂತ ಹಳೇದನ್ನ ಮಾರಿಬಿಡುತ್ತೆ. ಅವು ಯಾವ್ಯಾವ ಕಡಲೋ ಸುತ್ಕೊಂಡು ಕೊನೆಗೆ ನಮ್ಮ ಬಾಗಿಲಿಗೇ ಬಂದು ಬೀಳ್ತವೆ,” ಎಂದರು. ಬಂದರಿನಲ್ಲಿ ಯಾರೋ ಕಳ್ಳತನದಿಂದ ಇಳಿಸುತ್ತಿದ್ದಾರಂತೆ.

ಅಂಥವರ ಕೈ ಸೇದಿಹೋಗಲಿ ಎಂದು ನನ್ನ ಬಾಯಲ್ಲಿ ಬಂತು. ಶಾಪ ಹಾಕುವುದು ನನ್ನ ಕೆಲಸವಲ್ಲ, ಆದರೂ ಬಂತು.

ಬೇಸರದ ಮಾತು ಬೇಡ. ಇಲ್ಲೊಬ್ಬಳು ಕುರಿಯಜ್ಜಿ ಇದ್ದಾಳೆ, ಯಾವ ಹಳ್ಳಿಗೂ ಸೇರದವಳು, ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ಬರುತ್ತಾಳೆ. ಬಂದಾಗಲೆಲ್ಲ ನನಗೊಂದು ಹೆಣ್ಣು ಹುಡುಕಿದ್ದೇನೆ ಎನ್ನುತ್ತಾಳೆ. ಕಣ್ಣೇ ಕಾಣದವಳು ಹುಡುಕಿದ ಹೆಣ್ಣು ಹೇಗಿರುತ್ತಾಳೋ!

ಗೊಣಗಣ್ಣನಿಗೆ ನನ್ನ ನೆನಪು ಹೇಳು. ಅವನು ಗೊಣಗಿದ್ದನ್ನು ಹಾಗೇ ಬರೆದು ಕಳಿಸು.

ನಿನ್ನ ತಮ್ಮ


ಬಂದರು, ೨೦ ಮಾರ್ಚ್ ೧೯೧೧

ತಮ್ಮಾ,

ನಿನ್ನ ನೆನಪು ಹೇಳಿದೆ. “ನೆನಪು ತಗೊಂಡು ಏನು ಮಾಡ್ಲಿ, ಒಂದು ಸಲ ಬಂದು ಮುಖ ತೋರಿಸೋಕೆ ಹೇಳು” ಎಂದ. ಹೇಳಿದ್ದೇನೆ.

ಚೀಲದ ಕೆಲಸ ನಡೆದಿದೆ. ಸಾಹುಕಾರ ಮೊನ್ನೆ ನಗೆಯಾಡಿದನಂತೆ. “ಇಷ್ಟು ಅಂದಚಂದ ಯಾಕ್ರೀ? ಕೊನೇಲಿ ಒಂದು ದಪ್ಪ ಗಂಟು ಹಾಕಿ ಬಿಸಾಕಿ, ನಾನೇನು ಮದುವೆಗೆ ಉಡ್ತೀನಾ?” ಎಂದನಂತೆ. ನನಗೂ ಹಾಗೆ ಮಾಡಲು ಮನಸ್ಸಿತ್ತು, ಬೇಗ ಮುಗಿಯುತ್ತದಲ್ಲ. ಆದರೆ ಕೈ ಕೇಳಬೇಕೇ! ಹೊಲಿಗೆ ಮುಗಿಯುವಲ್ಲಿ ಗಂಟು ಬಿಗಿಯಲು ಹೋದರೆ ಬೆರಳು ನಿಂತೇಬಿಡುತ್ತದೆ. ಅಪ್ಪ ಕಲಿಸಿದ ಹಾಗೆ ದಾರವನ್ನು ಹಿಂದಕ್ಕೆ ತಿರುಗಿಸಿ, ಬಂದ ದಾರಿಯಲ್ಲೇ ಒಂದು ಬೆರಳಿನಷ್ಟು ವಾಪಸು ಹೊಲಿದು, ತುದಿಯನ್ನು ಮಡಿಕೆಯೊಳಗೆ ಅಡಗಿಸಿದರೇ ಸಮಾಧಾನ. ಗಂಟು ಹಾಕುವುದು ಹಾಯಿಯವನ ಸೋಲು ಎನ್ನುತ್ತಿದ್ದರಲ್ಲ. ಒಂದು ಚೀಲಕ್ಕೆ ಗಂಟು ಹಾಕಿಯೂ ನೋಡಿದೆ. ಕಣ್ಣಿಗೆ ಚುಚ್ಚಿದಂತಾಗಿ ಬಿಚ್ಚಿಬಿಟ್ಟೆ. ಹುಚ್ಚಿ ಎನ್ನು.

ಒಂದು ಚೀಲ ರಿಪೇರಿಗೆಂದು ವಾಪಸು ಬಂದಿತ್ತು. ಒಳಗೆ ಕೈ ಹಾಕಿದರೆ ಬರೀ ಜಿಡ್ಡು. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಗಿರಣಿಯವರು ಕೊಳವೆಗೂ ಎಣ್ಣೆ ಕುಡಿಸುತ್ತಾರೋ ಏನೋ.

ಗುಂಡು ಬಿದ್ದವರ ವಿಷಯ ಮತ್ತೆ ಬರೆಯಲಿಲ್ಲವಲ್ಲ ನೀನು. ಉಳಿದವರೆಲ್ಲ ಬದುಕಿದರು ತಾನೇ? ಸುಮ್ಮನೆ ಕೇಳಿದೆ.

ಅಕ್ಕ


ಗುಡ್ಡದ ಆಸ್ಪತ್ರೆ, ೨೮ ಮೇ ೧೯೧೧

ಅಕ್ಕಾ,

ಈ ಕಾಗದವನ್ನು ಅಂಚೆಗೆ ಹಾಕದೆ, ಆಸ್ಪತ್ರೆಯ ಸಾಮಾನಿಗೆಂದು ಬಂದರಿಗೆ ಇಳಿಯುವ ಹೇಸರಗತ್ತೆಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ಕುರಿಯಜ್ಜಿ ಸತ್ತಳು. ಎರಡು ಹಳ್ಳಿಯವರ ನಡುವೆ ಕುರಿ ದಾಟಿಸುತ್ತಿದ್ದಳಂತೆ. ದವಡೆಗೆ ಗುಂಡು. ದೊಣ್ಣೆಯ ಕಾಲವಾಗಿದ್ದರೆ ಅವಳನ್ನು ಕಂಡು ಇಬ್ಬರೂ ದಾರಿ ಬಿಡುತ್ತಿದ್ದರು. ಗುಂಡಿಗೆ ಅಜ್ಜಿ ಯಾರು, ಶತ್ರು ಯಾರು? ಮೂರು ದಿನ ಇದ್ದಳು. ಮಾತಾಡಲಾಗದೆ ನನ್ನ ತೋಳು ಹಿಡಿದುಕೊಂಡೇ ಇದ್ದಳು. ಹೆಣ್ಣು ಎಲ್ಲಿದೆ ಅಜ್ಜೀ, ಎದ್ದು ತೋರಿಸು ಎಂದು ನಾನೇ ತಮಾಷೆ ಮಾಡಿದೆ. ಏನು ಮಾಡಲಿ, ಬೇರೆ ಮಾತು ಬರಲಿಲ್ಲ.

ಅವಳನ್ನು ನಾಲ್ವರು ಒಂದು ಜೋಲಿಯಲ್ಲಿ ಹೊತ್ತು ತಂದಿದ್ದರು. ಉದ್ದನೆಯ ಚೀಲವನ್ನು ಸೀಳಿ ಮಾಡಿದ ಜೋಲಿ. ಹಾಯಿಬಟ್ಟೆಯದು, ಜಿಡ್ಡು ವಾಸನೆಯದು. ಅವಳನ್ನು ಮಂಚಕ್ಕೆ ಇಳಿಸಿ ಅದನ್ನು ಮಡಿಸುವಾಗ ಹೊಲಿಗೆಯ ತುದಿ ನನ್ನ ಬೆರಳಿಗೆ ಸಿಕ್ಕಿತು. ಗಂಟಿರಲಿಲ್ಲ ಅಕ್ಕಾ.

ಆ ತುದಿಯನ್ನು ಕತ್ತರಿಸಿ ಒಲೆಗೆ ಹಾಕಿದೆ. ಅಜ್ಜಿಗೆ ಔಷಧಿ ಕೊಡುವ ಮೊದಲು ಅದನ್ನು ಮಾಡಿದೆ. ಮೊದಲು ಅದನ್ನು ಮಾಡಿದೆ.

ಆ ಕೆಲಸ ಬಿಡು. ಇಂದೇ ಬಿಡು.

ತಮ್ಮ


ಬಂದರು, ೧೧ ಜೂನ್ ೧೯೧೧

ತಮ್ಮಾ,

ಸರ್ಕಾರದ ಕುರ್ಚಿಯಲ್ಲಿ ಕೂತು ಅಕ್ಕನಿಗೆ ಬುದ್ಧಿ ಹೇಳುವಷ್ಟು ದೊಡ್ಡವನಾದೆಯಾ? ಚೀಲದೊಳಗೆ ಯಾರು ಏನು ತುಂಬುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು? ಚಾಕು ಮಾಡುವವನು ಕೊಂಡವರ ಹಿಂದೆಲ್ಲ ಹೋಗುತ್ತಾನೇನು? ಕೊಳವೆ ಎಂದರು, ಕೊಳವೆ ಎಂದು ಹೊಲಿದೆ.

ಕೆಲಸ ಬಿಟ್ಟಿದ್ದೇನೆ. ಮೈ ಸರಿಯಿಲ್ಲ ಎಂದು ಹೇಳುವಂತೆ ಗೊಣಗಣ್ಣನಿಗೆ ಹೇಳಿದೆ. ಅವನು ಏಕೆ ಎಂದು ಕೇಳಲಿಲ್ಲ. ಕೇಳದೆ ಇರುವ ಜಾತಿಯವನಲ್ಲ ಅವನು.

ಅಜ್ಜಿಗೆ ನೋವು ಬಹಳವಿತ್ತೇ?

ಅಕ್ಕ


ಗುಡ್ಡದ ಆಸ್ಪತ್ರೆ, ೨೨ ಆಗಸ್ಟ್ ೧೯೧೧

ಅಕ್ಕಾ,

ಎರಡು ತಿಂಗಳು ಬರೆಯಲಾಗಲಿಲ್ಲ. ಕೆಲಸ ಜಾಸ್ತಿ ಎನ್ನಬಹುದು, ಆದರೆ ಅದು ನಿಜವಲ್ಲ.

ಪೋಲೀಸ್ ಇನ್ಸ್‌ಪೆಕ್ಟರ್ ಒಬ್ಬರು ಇಲ್ಲಿಗೆ ಬಂದು ಹೋದರು. ಗುಡ್ಡದಲ್ಲಿ ಅಂಥ ಚೀಲಗಳು ಇನ್ನೂ ಸಿಕ್ಕಿವೆ. ಆಚೆ ಬಂದರಿನ ಹಾಯಿಯವನೊಬ್ಬ ನೋಡಿದ ಕೂಡಲೇ ಇದು ಯಾರ ಮನೆಯ ಹೊಲಿಗೆ ಎಂದು ಹೇಳಿಬಿಟ್ಟನಂತೆ. ನೀನು ಹೆದರಬೇಡ. ನಿನ್ನ ತಂಟೆಗೆ ಯಾರೂ ಬರುವುದಿಲ್ಲ. ಹೇಗೆ ಎಂದು ಕೇಳಬೇಡ. ಸ್ವಲ್ಪ ಕಾಲ ಅಟ್ಟ ಹತ್ತಬೇಡ, ಕೈಯಲ್ಲಿ ದಬ್ಬಣ ಯಾರಿಗೂ ಕಾಣದಿರಲಿ. ಯಾರಾದರೂ ಕೇಳಿದರೆ ಮನೆಗೆಲಸ ಬಿಟ್ಟು ನನಗೇನೂ ಬರುವುದಿಲ್ಲ ಎನ್ನು.

ಗೊಣಗಣ್ಣ ಆರೋಗ್ಯವಾಗಿದ್ದಾನೆಯೇ? ಅವನು ಹೆಂಡತಿಯ ತವರಿಗೋ ಎಲ್ಲಿಗೋ ಹೋಗಿ ಕೆಲದಿನ ಇದ್ದು ಬಂದರೆ ಒಳ್ಳೆಯದಿತ್ತು. ಗಾಳಿ ಬದಲಾವಣೆಗೆ.

ತಮ್ಮ


ಬಂದರು, ೭ ಸೆಪ್ಟೆಂಬರ್ ೧೯೧೧

ತಮ್ಮಾ,

ನಿನ್ನ ಕಾಗದ ಬರುವ ಮೊದಲೇ ಗೊಣಗಣ್ಣನನ್ನು ಹಿಡಿದುಕೊಂಡು ಹೋದರು.

ಬೆಳಗ್ಗೆ ಅಂಗಳದಲ್ಲಿ ದಾರಕ್ಕೆ ಮೇಣ ತಿಕ್ಕುತ್ತಿದ್ದ. ಸುಂಕದ ಆಫೀಸಿನ ಜವಾನರೂ ಪೋಲೀಸರೂ ಬಂದರು. ಒಬ್ಬ ಚೀಲದ ತುಂಡು ತೋರಿಸಿ, “ಇದು ನಿನ್ನ ಕೈಯ ಕೆಲಸಾನಾ?” ಎಂದು ಕೇಳಿದ. ಗೊಣಗಣ್ಣ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದೇ ಒಂದು ಸಲ ನನ್ನ ಕಡೆ ತಿರುಗಿದ. ಆಮೇಲೆ, “ನಮ್ಮ ಅಪ್ಪೋರ ಕೆಲಸ ಇದು. ಅವರಿಂದ ಕಲಿತೋನು ನಾನು” ಎಂದ. ಸುಳ್ಳೂ ಹೇಳಲಿಲ್ಲ ನೋಡು. ಕೈಗೆ ಹಗ್ಗ ಹಾಕುವಾಗ, “ಇದೇನು ಗಂಟು ಹಾಕ್ತೀರಯ್ಯಾ, ದನ ಕಟ್ಟೋ ಹಾಗೆ” ಎಂದು ಜವಾನನನ್ನು ಬೈದ. ಬೀದಿಯ ತನಕ ಗೊಣಗುತ್ತಲೇ ಹೋದ. ಬಿಸಿಲಿಗೆ, ಧೂಳಿಗೆ, ಜವಾನನ ಚಪ್ಪಲಿಗೆ ಎಲ್ಲಕ್ಕೂ ಗೊಣಗಿದ. ನನ್ನ ಬಗ್ಗೆ ಮಾತ್ರ ಒಂದಕ್ಷರ ಆಡಲಿಲ್ಲ.

ಸಾಹುಕಾರ ಹಾಯಾಗಿದ್ದಾನೆ. ದೊರೆಗಳ ಬಂಗಲೆಯ ದೀಪಕ್ಕೆಲ್ಲ ಅವನದೇ ಎಣ್ಣೆ. ಚೀಲ ಹೊಲಿಸಿದ್ದು ಯಾರೋ ಪರದೇಶದ ಹಡಗಿನವನು, ಈಗ ಊರಲ್ಲಿಲ್ಲ ಎಂದು ಬರೆದುಕೊಟ್ಟು ಕೈತೊಳೆದುಕೊಂಡ.

ನಲ್ಲಿಯ ಹತ್ತಿರ ಗೊಣಗಣ್ಣನ ಮನೆಯ ಅತ್ತಿಗೆ ಸಿಕ್ಕಳು. “ಇವರಿಗೆ ಈ ಬುದ್ಧಿ ಯಾಕೆ ಬಂತು ತಂಗೀ? ನನಗಾದ್ರೂ ಹೇಳಬಾರದಿತ್ತಾ?” ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನೆಲ ಬಾಯಿ ಬಿಟ್ಟಿದ್ದರೆ ಕೊಡಪಾನದ ಸಮೇತ ಇಳಿದುಹೋಗುತ್ತಿದ್ದೆ.

ನೀನು ಸರ್ಕಾರದ ಕಡೆಯವನು. ಆ ಇನ್ಸ್‌ಪೆಕ್ಟರು ನಿನ್ನನ್ನು ಕಂಡಿದ್ದಾರೆ. ಏನಾದರೂ ಮಾಡು.

ಅಕ್ಕ


ಗುಡ್ಡದ ಆಸ್ಪತ್ರೆ, ೩೦ ಸೆಪ್ಟೆಂಬರ್ ೧೯೧೧

ಅಕ್ಕಾ,

ಓದಿ ಸಂಕಟವಾಯಿತು. ಒಂದು ಹೊಲಿಗೆ ನೋಡಿ ಯಾರಿಗೂ ಶಿಕ್ಷೆ ಕೊಡಲಾರರು. ನಾಲ್ಕು ದಿನ ಕೂರಿಸಿಕೊಂಡು ಬಿಟ್ಟು ಕಳಿಸುತ್ತಾರೆ. ನೀನು ಬಾಯಿಗೆ ಬೀಗ ಹಾಕಿಕೊಂಡು ಇರು. ಅವನಿಗೆ ಊಟ ಕಳಿಸುತ್ತಿರು.

ಇಲ್ಲಿ ಚಳಿ ಶುರುವಾಗಿದೆ.

ತಮ್ಮ


ಬಂದರು, ೧೯ ನವೆಂಬರ್ ೧೯೧೧

ತಮ್ಮಾ,

ನಿನಗೆ ಚಳಿಯಂತೆ. ಪಾಪ.

ಗೊಣಗಣ್ಣನಿಗೆ ಶಿಕ್ಷೆಯಾಯಿತು. ದ್ವೀಪದ ಜೈಲು. ಜನವರಿಯಲ್ಲಿ ಹಡಗು. ಅವನ ಎದೆ ನಿನಗೆ ಗೊತ್ತು, ಏಣಿ ಹತ್ತಿದರೆ ಮೇಲುಸಿರು ಬಿಡುತ್ತಾನೆ. ಅಲ್ಲಿ ಕಲ್ಲು ಒಡೆಸುತ್ತಾರಂತೆ. ಹೋದರೆ ಅವನು ಬರುವುದಿಲ್ಲ.

ತೀರ್ಪಿನ ಮಾರನೇ ದಿನ ನಾನು ಸುಂಕದ ಆಫೀಸಿಗೆ ಹೋದೆ. ಅಧಿಕಾರಿಯ ಎದುರು ನಿಂತು, “ಆ ಚೀಲ ಹೊಲಿದೋಳು ನಾನು. ಅವರನ್ನ ಬಿಡಿ, ನನ್ನನ್ನ ಹಿಡೀರಿ” ಎಂದೆ. ಇಷ್ಟು ಹೇಳಲು ಎರಡು ತಿಂಗಳು ಬೇಕಾಯಿತು ನನಗೆ. ಅವರು ನಕ್ಕರು ತಮ್ಮಾ. ಸಿಟ್ಟಾಗಲಿಲ್ಲ, ನಕ್ಕರು. “ಕೂತ್ಕೊಳ್ಳಮ್ಮಾ” ಎಂದು ಬೆಂಚು ತೋರಿಸಿದರು. ಹಡಗು ತಪಾಸಣೆಗೆ ಬರುವ ಮೊದಲೇ ಕೋವಿ ತುಂಬಿದ ಚೀಲಗಳನ್ನು ಹಗ್ಗ ಕಟ್ಟಿ ನೀರಿಗಿಳಿಬಿಡುತ್ತಿದ್ದರಂತೆ, ತಪಾಸಣೆ ಮುಗಿದಮೇಲೆ ಮೀನುದೋಣಿ ಎತ್ತಿಕೊಂಡು ಬರುತ್ತಿತ್ತಂತೆ. ನೀರು ಒಳಗೆ ಹೋಗದಿರಬೇಕಾದರೆ ಎಂಥ ಹೊಲಿಗೆ ಇರಬೇಕು ಹೇಳು ಎಂದು ನನಗೇ ವಿವರಿಸಿದರು. ದಬ್ಬಣ ಕೊಡಿ, ಹೊಲಿದು ತೋರಿಸುತ್ತೇನೆ ಎಂದೆ. ತರಿಸಿಕೊಟ್ಟರು. ಹೊಲಿದೆ. ತುದಿ ತಿರುಗಿಸಿ ಅಡಗಿಸಿ ಅವರ ಮುಂದಿಟ್ಟೆ.

“ಚೆನ್ನಾಗಿ ಕಲಿಸಿದಾನೆ” ಎಂದರು. “ಅವನ ಹೆಂಡ್ತಿ ಅಳು ನೋಡಲಾರದೆ ಬಂದಿದೀಯ, ನಿನ್ನ ಮನಸ್ಸು ದೊಡ್ಡದು. ಆದ್ರೆ ಅವನೇ ಒಪ್ಕೊಂಡಾಯ್ತು. ನಿಮ್ಮನೇಲಿ ಹೆಂಗಸರು ದಬ್ಬಣ ಮುಟ್ಟೋದೇ ಇಲ್ಲ ಅಂತ ನಿನ್ನ ತಮ್ಮನೇ ಸಹಿ ಹಾಕಿ ಕೊಟ್ಟಿದಾನೆ. ಸರ್ಕಾರಿ ನೌಕರ, ಸುಳ್ಳು ಹೇಳ್ತಾನಾ?”

ಆಮೇಲೆ ಒಂದು ಮಾತು ಕೇಳಿದರು. ಆಫೀಸಿನ ಡೇರೆ ಹರಿದಿದೆ, ಹೊಲಿದು ಕೊಡುತ್ತೀಯಾ ಎಂದು. ಹೊಲಿದು ಕೊಟ್ಟೆ. ಅಲ್ಲೇ ಬೆಂಚಿನ ಮೇಲೆ ಕೂತು, ತಲೆ ಎತ್ತದೆ ಹೊಲಿದು ಕೊಟ್ಟೆ.

ನಾನು ಮನೆ ಮುಟ್ಟುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ. ಅಪ್ಪನ ಶಿಷ್ಯನಿಗಾಗಿ ಜೈಲಿಗೆ ಹೋಗಲು ಹೊರಟಳಂತೆ, ಎಂಥ ಹೆಣ್ಣು ಎನ್ನುತ್ತಿದ್ದಾರೆ. ಅತ್ತಿಗೆ ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದಕ್ಕೆ ಹಾರಿ ಗೋಡೆಗೆ ಬಡಿದುಕೊಂಡೆ.

ನಿನಗೆ ಬೈಯಲೆಂದೇ ಕೂತೆ, ಬೈಯಲು ನನಗೆ ಬಾಯಿಲ್ಲ. ಮಾರ್ಚಿನಲ್ಲಿ ಚೀಲ ರಿಪೇರಿಗೆ ಬಂತು ಎಂದು ಬರೆದಿದ್ದೆನಲ್ಲ. ಜಿಡ್ಡಿನ ಜೊತೆ ನನ್ನ ಕೈಗೆ ಒಂದು ಕೋವಿಯ ತೋಟಾ ಸಿಕ್ಕಿತ್ತು. ನಿನ್ನ ಕಾಗದವನ್ನು ಅಷ್ಟರಲ್ಲಿ ಓದಿದ್ದೆ, ಗುಂಡು ಬಿದ್ದವರ ವಿಷಯ ಗೊತ್ತಿತ್ತು. ತೋಟಾವನ್ನು ಸಮುದ್ರಕ್ಕೆ ಎಸೆದು ಬಂದು, ಮತ್ತೆ ಅಟ್ಟ ಹತ್ತಿ ಹೊಲಿದೆ. ಕೆಲಸ ಮತ್ತೆ ಕೈಬಿಟ್ಟು ಹೋಗಬಾರದು ಎಂಬ ಆಸೆಗೆ ಹೊಲಿದೆ. ಅಜ್ಜಿಯ ಚೀಲ ಅದಕ್ಕೆ ಮೊದಲಿನದೋ ಆಮೇಲಿನದೋ ಎಂದು ದಿನಾ ಲೆಕ್ಕ ಹಾಕುತ್ತೇನೆ.

ನನ್ನ ಮಾತನ್ನು ನಂಬುವವರಿಲ್ಲ. ನಿನ್ನ ಮಾತನ್ನು ನಂಬುತ್ತಾರೆ. ಬಂದು ನಿಜ ಹೇಳು. ಅಕ್ಕ ಹೊಲಿಯುವುದನ್ನು ಕಂಡಿದ್ದೇನೆ ಎಂದು ಹೇಳು. ನಾನು ಜೈಲಿಗೆ ಹೋಗಲು ಸಿದ್ಧಳಿದ್ದೇನೆ.

ಅಕ್ಕ


ಗುಡ್ಡದ ಆಸ್ಪತ್ರೆ, ೧೫ ಡಿಸೆಂಬರ್ ೧೯೧೧

ಅಕ್ಕಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ಅವತ್ತು ಇನ್ಸ್‌ಪೆಕ್ಟರ್ ಔಷಧಿ ಕೋಣೆಗೇ ಬಂದು ಕೂತರು. ನಾನು ಸೀಸೆ ತೊಳೆಯುತ್ತಿದ್ದೆ. “ನಿಮ್ಮನೇಲಿ ಹೊಲಿಯೋರು ಯಾರು?” ಎಂದರು. ಅಪ್ಪ ಹೊಲೀತಿದ್ರು, ತೀರಿಕೊಂಡ್ರು ಎಂದೆ. “ಅಕ್ಕ ಇದಾಳಂತಲ್ಲ?” ಎಂದರು. ನಮ್ಮನೇಲಿ ಹೆಂಗಸರು ದಬ್ಬಣ ಮುಟ್ಟೋದಿಲ್ಲ ಸಾರ್ ಎಂದುಬಿಟ್ಟೆ. ನನಗೆ ಆ ಹೊತ್ತಿನಲ್ಲಿ ನೀನೊಬ್ಬಳೇ ಕಣ್ಣ ಮುಂದೆ. “ಹಾಗಾದ್ರೆ ಉಳಿದೋನು ಯಾರು?” ಎಂದರು. ಸೀಸೆ ತೊಳೆಯುತ್ತಲೇ ಇದ್ದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಅವರು ಬರೆದುಕೊಂಡರು.

ನಾನು ಯಾರ ಹೆಸರೂ ಹೇಳಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಗೆಟ್ಟವನ ಸಮಾಧಾನ. ಅಪ್ಪನ ಹೆಗಲ ಮೇಲೆ ಕೂತದ್ದಕ್ಕಿಂತ ಗೊಣಗಣ್ಣನ ಹೆಗಲ ಮೇಲೆ ಕೂತದ್ದೇ ಹೆಚ್ಚು ನಾನು. ಬೈಯುತ್ತಾ ಹೊತ್ತುಕೊಳ್ಳುತ್ತಿದ್ದ.

ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನಗೂ ಜೈಲು, ನೌಕರಿಯಂತೂ ಹೋಯಿತು. ಹೋಗಲಿ. ನಿನ್ನನ್ನು ನನ್ನ ಬಾಯಿಂದಲೇ ಹಿಡಿದುಕೊಡಬೇಕಲ್ಲ, ಅದೊಂದೇ ಕಷ್ಟ. ಆದರೂ ಬರುತ್ತೇನೆ. ಹೊಸ ವರ್ಷ ಹುಟ್ಟಿದ ಕೂಡಲೇ ರಜೆ ಕೇಳಿ ಹೇಸರಗತ್ತೆಯವನ ಜೊತೆ ಇಳಿದು ಬರುತ್ತೇನೆ. ಹಡಗು ಹೊರಡುವ ಮೊದಲು ಅಲ್ಲಿರುತ್ತೇನೆ. ಅತ್ತಿಗೆಗೂ ಹೇಳಿರು.

ತಮ್ಮ


ಗುಡ್ಡದ ಆಸ್ಪತ್ರೆ, ೧೮ ಜನವರಿ ೧೯೧೨

ಅಕ್ಕಾ,

ಬರಲಾಗಲಿಲ್ಲ. ಡಾಕ್ಟರ್ ಸಾಹೇಬರು ಜ್ವರ ಹಿಡಿದು ಮಲಗಿದರು, ಆಸ್ಪತ್ರೆಯಲ್ಲಿ ಬೇರೆ ಯಾರೂ ಇಲ್ಲ. ರಜೆ ಕೊಡಲಿಲ್ಲ. ಗುಡ್ಡದ ದಾರಿಯೂ ಕುಸಿದಿತ್ತು. ನಾನು ಎಷ್ಟು ಪ್ರಯತ್ನಪಟ್ಟೆನೆಂದು ನಿನಗೆ ಹೇಗೆ ತಿಳಿಸಲಿ. ಹಡಗು ಇನ್ನೂ ಹೊರಟಿಲ್ಲದಿದ್ದರೆ ಗೊಣಗಣ್ಣನಿಗೆ ನನ್ನ ನಮಸ್ಕಾರ ಹೇಳು. ಇಲ್ಲದಿದ್ದರೆ ಬೇಡ.

ತಮ್ಮ


ಬಂದರು, ೪ ಫೆಬ್ರವರಿ ೧೯೧೨

ತಮ್ಮಾ,

ಹಡಗು ಹೊರಟುಹೋಯಿತು.

ಅತ್ತಿಗೆಯೂ ನಾನೂ ಕಟ್ಟೆಯ ಮೇಲೆ ನಿಂತಿದ್ದೆವು. ಗೊಣಗಣ್ಣ ಸಾಲಿನಲ್ಲಿ ಹಿಂದೆ ಇದ್ದ. ಸೊರಗಿದ್ದಾನೆ. ನಮ್ಮ ಎದುರಿಗೆ ಬಂದಾಗ, “ಈ ಬಿಸಿಲಲ್ಲಿ ಯಾಕೆ ಬಂದ್ರಿ, ಇಬ್ಬರಿಗೂ ಬುದ್ಧಿ ಇಲ್ವಾ” ಎಂದು ಗದರಿದ. ನಾನು ಏನೋ ಹೇಳಲು ಹೋದೆ. “ಸುಮ್ನಿರು ತಂಗೀ, ಕೆಮ್ಮು ಬರುತ್ತೆ” ಎಂದು ನಡೆದುಬಿಟ್ಟ.

ರಜೆ ಸಿಗಲಿಲ್ಲ, ದಾರಿ ಕುಸಿದಿತ್ತು ಎಂದು ಬರೆದಿದ್ದೀಯ. ಸುಳ್ಳು ಬರೆಯಬೇಡ ತಮ್ಮಾ. ನಾನು ನಿನ್ನನ್ನು ನೋಡಿದೆ.

ಹಡಗಿಗೆ ಇನ್ನೂ ಒಂದು ವಾರವಿತ್ತು. ಗೊಣಗಣ್ಣನಿಗೆ ಊಟ ಕೊಟ್ಟು ಸುಂಕದ ಆಫೀಸಿನ ಹಿಂದಿನಿಂದ ಬರುತ್ತಿದ್ದೆ. ನೀನು ಎದುರಿನ ಬದಿಯಲ್ಲಿ ನಿಂತಿದ್ದೆ. ಯಾರದೋ ಕೋಟು ಹಾಕಿಕೊಂಡಿದ್ದೆ, ನಿನಗೆ ದೊಡ್ಡದಾಗಿತ್ತು. ಗಡ್ಡ ಬಿಟ್ಟಿದ್ದೆ. ನಾಲ್ಕು ವರ್ಷದಿಂದ ನೋಡದ ನನ್ನ ತಮ್ಮ. ಓಡಿ ಬಂದು ಅಪ್ಪಿಕೊಳ್ಳಬೇಕೋ ಬೇಡವೋ ನಾನು? ಓಡಿ ಬಂದು ಕೈ ಹಿಡಿದು, ನಡಿ ಒಳಗೆ, ಇಬ್ಬರೂ ಹೋಗೋಣ ಎನ್ನಬೇಕಿತ್ತು. ನಾನು ಹಗ್ಗದ ರಾಶಿಯ ಹಿಂದೆ ಬಗ್ಗಿ ಕೂತೆ.

ನೀನು ರಸ್ತೆ ದಾಟಿದೆ. ಆಫೀಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಹೋಗಬೇಡ, ಹೋಗಬೇಡ, ದೇವರೇ ಇವನು ಒಳಗೆ ಹೋಗದಿರಲಿ ಎಂದು ನಾನು ಸೆರಗು ಬಾಯಿಗೆ ತುರುಕಿಕೊಂಡು ಬೇಡಿದೆ. ಬಂದು ನಿಜ ಹೇಳು ಎಂದು ನಿನಗೆ ಬರೆದವಳು ನಾನೇ. ಜೈಲಿಗೆ ಸಿದ್ಧಳಿದ್ದೇನೆ ಎಂದು ಬರೆದವಳೂ ನಾನೇ. ನಂಬುವವರಿಲ್ಲ ಎಂದು ಗೊತ್ತಿದ್ದಾಗ ಸಿದ್ಧಳಾಗುವುದು ಸುಲಭ. ನಿನ್ನ ಕಾಲು ಮೆಟ್ಟಿಲ ಮೇಲೆ ಕಂಡಾಗ ನನ್ನ ಸಿದ್ಧತೆಯೆಲ್ಲ ಎಲ್ಲಿ ಹೋಯಿತೋ. ನೀನು ಹಿಂದಕ್ಕೆ ತಿರುಗಿದೆ. ಬಗ್ಗಿಸಿದ ತಲೆ ಎತ್ತದೆ ಗುಡ್ಡದ ದಾರಿ ಹಿಡಿದೆ, ಮನೆಯ ಕಡೆ ನೋಡಲೂ ಇಲ್ಲ. ನನಗೆ ಎಷ್ಟೋ ಸಂತೋಷವಾಯಿತು. ಸಂತೋಷವೇ ತಮ್ಮಾ, ಬೇರೆ ಹೆಸರು ಹೇಳಲಾರೆ.

ಹಾಗಾಗಿ ನಿನ್ನನ್ನು ನಾನು ಕೇಳುವುದು ಏನೂ ಉಳಿದಿಲ್ಲ. ನೀನೂ ನನ್ನನ್ನು ಕೇಳಬೇಡ.

ಅತ್ತಿಗೆ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಒಬ್ಬಳೇ ಹೇಗಿರುತ್ತೀಯ ಎಂದು ನಾನೇ ಕರೆದುಕೊಂಡು ಬಂದೆ. ನಿನಗೆ ರಜೆ ಸಿಗಲಿಲ್ಲವಂತೆ ಎಂದು ಹೇಳಿದೆ. “ಪಾಪ, ಮಗು ಎಷ್ಟು ಒದ್ದಾಡಿತೋ. ನನ್ನ ಆಶೀರ್ವಾದ ಬರಿ ತಂಗೀ, ಮರೀಬೇಡ” ಎಂದಳು. ಬರೆಯುತ್ತೇನೋ ಇಲ್ಲವೋ ಎಂದು ನನ್ನ ಎದುರಿಗೇ ಕೂತು ನೋಡುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ಇಷ್ಟುದ್ದ ಏನು ಬರೆದೆ ಎಂದು ಈಗ ತಾನೇ ಕೇಳಿದಳು. ಎಲ್ಲರೂ ಕ್ಷೇಮ ಅಂತ ಬರೆದೆ ಅತ್ತಿಗೇ ಎಂದೆ.

ಅಕ್ಕ